ಮೇಷ್ಟರ ಮನೆಯ ಹಗೇವು

ಕೋಲಾರದ ಸೀಮೆಯಲ್ಲಿ ವರ್ಷವೆಲ್ಲ ಹರಿಯುವ ಹೊಳೆ ಒಂದೂ ಇಲ್ಲ. ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟಿ, ಜಿಲ್ಲೆಯನ್ನು ಹಾದು, ತಮಿಳು ಸೀಮೆಗೆ ಇಳಿದುಹೋಗುವ ಪಾಲಾರಿಗೆ ನದಿಯೆಂಬ ಹೆಸರಿದ್ದರೂ, ಮಳೆಗಾಲದ ನಾಲ್ಕು ದಿನ ಕಳೆದ ಮೇಲೆ ಅದರ ಪಾತ್ರದಲ್ಲಿ ನೀರನ್ನು ಕಂಡವರು ವಿರಳ. ಆದುದರಿಂದ ಆಕಾಶವು ಕೊಟ್ಟದ್ದನ್ನು ಬಿದ್ದಲ್ಲಿಯೇ ತಡೆದು, ಒಂದು ಕೆರೆಯ ಕೋಡಿ ಹರಿದರೆ ಅದು ಕೆಳಗಣ ಕೆರೆಗೆ, ಅದರ ಕೋಡಿ ಅದರ ಕೆಳಗಿನದಕ್ಕೆ ಎಂಬ ಕ್ರಮದಲ್ಲಿ ಸಾಲುಸಾಲಾಗಿ ಕೆರೆಗಳನ್ನು ಕಟ್ಟಿಕೊಂಡು, ಬೆಳೆದ ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ಹುದುಗಿಸಿಟ್ಟು, ಮುಂದಿನ ವರ್ಷ ಮಳೆ ಬಾರದೆ ಹೋದೀತು ಎಂಬ ಶಂಕೆಯನ್ನೇ ಬದುಕಿನ ಮೊದಲ ಪಾಠವಾಗಿ ಕಲಿತ ಜನ ನಾವು. ನಮ್ಮ ಕಡೆ ಕೂಡಿಡುವವನನ್ನು ಯಾರೂ ಲೋಭಿಯೆಂದು ಆಡಿಕೊಳ್ಳರು. ಇಂಥ ಸೀಮೆಯ ಹುತ್ತೂರಿನಲ್ಲಿ, ಕೂಡಿಡುವ ವಿದ್ಯೆಯಲ್ಲಿ ಯಾರಿಗೂ ಕಡಿಮೆಯಲ್ಲದಿದ್ದರೂ, ಕೂಡಿಟ್ಟದ್ದು ತಮ್ಮದೆಂಬುದನ್ನು ಮಾತ್ರ ಸರಿಯಾಗಿ ಕಲಿಯದೆಯೇ ಆಯುಷ್ಯವನ್ನು ಮುಗಿಸಿದ ಇಬ್ಬರು ಗೃಹಸ್ಥರ ವಿಷಯವಾಗಿ ನಾಲ್ಕು ಮಾತು ಬರೆಯಬೇಕೆಂಬ ಆಸೆ ನನಗೆ ಬಹುಕಾಲದಿಂದ ಇದೆ.

ಅವರು ನನ್ನ ದೊಡ್ಡಪ್ಪ ಮತ್ತು ದೊಡ್ಡಮ್ಮ. ದೊಡ್ಡಮ್ಮ ನನ್ನ ತಾಯಿಯ ಒಡಹುಟ್ಟಿದ ಅಕ್ಕ. ನಮ್ಮ ಹಳ್ಳಿಯಲ್ಲಿ ನಾಲ್ಕನೆಯ ತರಗತಿಗೇ ವಿದ್ಯೆ ಮುಗಿದುಹೋಗುತ್ತಿದ್ದುದರಿಂದ, 1960ರ ಸುಮಾರಿನಲ್ಲಿ, ಒಂದು ತಗಡಿನ ಪೆಟ್ಟಿಗೆಯೊಡನೆ ನನ್ನನ್ನು ಹುತ್ತೂರಿನ ಅವರ ಮನೆಗೆ ತಂದು ಬಿಟ್ಟರು. ದೊಡ್ಡಪ್ಪ ಅಲ್ಲಿಯ ಶಾಲೆಯ ಉಪಾಧ್ಯಾಯರು, ಊರಿಗೆಲ್ಲ 'ಮೇಷ್ಟ್ರು'. ದೊಡ್ಡಮ್ಮನನ್ನು ಹಿರಿಯರು 'ಮೇಷ್ಟ್ರ ಮನೆಯಮ್ಮ' ಎಂದೂ ಚಿಕ್ಕವರು ಬರಿದೆ 'ಅಮ್ಮ' ಎಂದೂ ಕರೆಯುತ್ತಿದ್ದರು. ಅವರ ಹೆಸರುಗಳನ್ನು ನಾನಿಲ್ಲಿ ಬರೆಯುವುದಿಲ್ಲ. ತನ್ನ ಹೆಸರು ಅಚ್ಚಾಗುವುದಕ್ಕೆ ದೊಡ್ಡಮ್ಮ ಒಪ್ಪುತ್ತಿರಲಿಲ್ಲ. ದೊಡ್ಡಪ್ಪನಾದರೋ ಒಪ್ಪುತ್ತಿದ್ದರು, ಆದರೆ ಕರಡಚ್ಚನ್ನು ಮೊದಲು ತಮಗೆ ಕಳುಹಿಸಬೇಕೆಂದು ಷರತ್ತು ಹಾಕುತ್ತಿದ್ದರು.

ಆ ಮನೆಯಲ್ಲಿ ಅವರ ಸ್ವಂತ ಮಕ್ಕಳು ಮೂವರು. ನನ್ನಂತೆ ಓದುವುದಕ್ಕೆ ಬಂದು ಸೇರಿದ ನೆಂಟರ ಮಕ್ಕಳು, ಯಾವ ನೆಂಟಸ್ತಿಕೆಯೂ ಇಲ್ಲದ ಮಕ್ಕಳು, ಸೊಸೆಯೊಡನೆ ಜಗಳವಾಡಿ ಬಂದ ಒಬ್ಬ ಮುದುಕಿ, ಇವರೆಲ್ಲ ಯಾವಾಗಲೂ ಇದ್ದೇ ಇರುತ್ತಿದ್ದರು. ರಾತ್ರಿ ಊಟಕ್ಕೆ ಕುಳಿತವರ ಸಾಲು ನಡುಮನೆಯಲ್ಲಿ ಆರಂಭವಾಗಿ ಹಜಾರವನ್ನು ದಾಟುತ್ತಿದ್ದಿತು. ಅವರೆಕಾಯಿಯ ಕಾಲದಲ್ಲಂತೂ ಸಂಜೆ ಹೊತ್ತು ಕೆಲಸವಿಲ್ಲದ ಕೈ ಆ ಮನೆಯಲ್ಲಿ ಇರಕೂಡದು. ಕಾಳು ಬಿಡಿಸುತ್ತ ಬಿಡಿಸುತ್ತಲೇ ನಾವು ಮಗ್ಗಿ ಒಪ್ಪಿಸಬೇಕು, ಊರಿಗೆ ಬಂದ ಗ್ರಾಮಸೇವಕನೂ ಒಪ್ಪಿಸದಿದ್ದರೆ ಕಾಳನ್ನಾದರೂ ಬಿಡಿಸಬೇಕು.

ದೊಡ್ಡಪ್ಪ ಮಾತಿನ ಮನುಷ್ಯರು. ಇದನ್ನು ನಿಂದೆಯಾಗಿ ಹೇಳುತ್ತಿಲ್ಲ. ಅವರ ಕಾಲದಲ್ಲಿ ಹಳ್ಳಿಗೆ ಮಾತು ಬೇಕಾಗಿದ್ದಿತು. 1938ರ ಏಪ್ರಿಲ್ ತಿಂಗಳಲ್ಲಿ, ಆಗ ನಮ್ಮ ಜಿಲ್ಲೆಗೇ ಸೇರಿದ್ದ ವಿದುರಾಶ್ವತ್ಥದಲ್ಲಿ, ಧ್ವಜ ಹಾರಿಸಲು ನೆರೆದಿದ್ದ ಜನರ ಮೇಲೆ ಗುಂಡು ಹಾರಿದಾಗ ಅವರು ಕೋಲಾರದಲ್ಲಿ ಹೈಸ್ಕೂಲು ಓದುತ್ತಿದ್ದ ಹುಡುಗ. ಅಲ್ಲಿಂದ ಪಾರಾಗಿ ಬಂದವರ ಬಾಯಿಂದ ಕಥೆ ಕೇಳಿ ತೊಟ್ಟ ಖಾದಿಯನ್ನು ಅವರು ಕಡೆಯವರೆಗೆ ಬಿಡಲಿಲ್ಲ. ಜಿಲ್ಲೆಯ ಅಭಿಮಾನವೂ ಅವರಿಗೆ ಸ್ವಲ್ಪ ಅತಿಯೆನ್ನುವಷ್ಟೇ ಇದ್ದಿತು. ಮುಳಬಾಗಿಲಿನ ಡಿ.ವಿ.ಜಿ., ಮಾಲೂರಿನ ಕಡೆಯ ಮಾಸ್ತಿ, ಸಂಸ್ಥಾನದ ಮೊದಲ ಮುಖ್ಯಮಂತ್ರಿಯಾದ ಕ್ಯಾಸಂಬಳ್ಳಿಯ ಕೆ.ಸಿ. ರೆಡ್ಡಿ, ಈ ಮೂವರ ಹೆಸರನ್ನು ಅವರು ತಮ್ಮ ಮನೆಯವರ ಹೆಸರಿನಂತೆ ಎತ್ತುತ್ತಿದ್ದರು. ಮಾಸ್ತಿಯವರು 1944ರಿಂದ 1965ರ ವರೆಗೆ ನಡೆಸಿದ 'ಜೀವನ' ಪತ್ರಿಕೆ ಅಂಚೆಯಲ್ಲಿ ನಮ್ಮ ಮನೆಗೆ ಬರುತ್ತಿದ್ದಿತು; ಅದರ ಚಂದಾಹಣವು ಮಗನ ಚಡ್ಡಿಯ ಬಟ್ಟೆಗೆ ಇಟ್ಟ ಹಣವಾಗಿದ್ದ ವರ್ಷವೂ ಉಂಟು. ವಯಸ್ಕರ ಶಿಕ್ಷಣ ಸಮಿತಿಯವರ 'ಬೆಳಕು' ವಾರಪತ್ರಿಕೆಯನ್ನು ತರಿಸಿ, ಶಾಲೆಯ ಜಗಲಿಯಲ್ಲಿ ಲಾಟೀನು ಹಚ್ಚಿಟ್ಟು, ಹಗಲೆಲ್ಲ ಕಪಿಲೆ ಹೊಡೆದು ದಣಿದು ಬಂದ ಗಂಡಾಳುಗಳಿಗೆ ಅಕ್ಷರ ಕಲಿಸುತ್ತಿದ್ದರು. ಅರ್ಧ ತೆಲುಗು, ಅರ್ಧ ಕನ್ನಡ ಬೆರೆತ ನಮ್ಮ ಕಡೆಯ ಮಾತಿನಲ್ಲಿ ಬೆಳೆದವರಿಗೆ ಪುಸ್ತಕದ ಕನ್ನಡವು ಮೊದಮೊದಲು ಪರಸ್ಥಳದ್ದಾಗಿ ತೋರುತ್ತಿದ್ದಿತು. ಆದುದರಿಂದ ದೊಡ್ಡಪ್ಪ ತೆಲುಗಿನಲ್ಲಿ ಗದರಿಸಿ ಕನ್ನಡದಲ್ಲಿ ಬರೆಯಿಸುವರು.

ದೊಡ್ಡಮ್ಮನ ರೀತಿಯೇ ಬೇರೆ. ಆಕೆ ಮದುವೆಯಾಗಿ ಬಂದಾಗ ಓದು ಬರಹ ಅಲ್ಪಸ್ವಲ್ಪ ಬರುತ್ತಿದ್ದಿತೇ ಹೊರತು ಹೆಚ್ಚಿನ ಶಿಕ್ಷಣವಿರಲಿಲ್ಲ. ಕಸ್ತೂರಬಾ ಅವರು 1944ರಲ್ಲಿ ಸೆರೆಯಲ್ಲಿಯೇ ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ, ಹಳ್ಳಿಯ ಹೆಂಗಸರು ಮಕ್ಕಳ ಸೇವೆಗಾಗಿ, ಒಂದು ರಾಷ್ಟ್ರೀಯ ನಿಧಿ ಕೂಡಿತಷ್ಟೆ. ನಮ್ಮ ಕಡೆ ಅದರ ಕೆಲಸವನ್ನು ಕೈಗೆ ತೆಗೆದುಕೊಂಡವರು ಯಶೋಧರಮ್ಮ ದಾಸಪ್ಪನವರು. ಅರಸೀಕೆರೆಯಲ್ಲಿ ಅವರು ನೆಲೆಗೊಳಿಸಿದ ಕೇಂದ್ರದಲ್ಲಿ ಗ್ರಾಮಸೇವಿಕೆಯರಿಗೆ ಶಿಕ್ಷಣ ಕೊಡುವರೆಂದು ಪತ್ರಿಕೆಯಲ್ಲಿ ಓದಿದ ದೊಡ್ಡಪ್ಪ, ಹೆಂಡತಿಯನ್ನು ಅಲ್ಲಿಗೆ ಕಳುಹಿಸುವೆನೆಂದು ಹೊರಟರು. ಕೈಗೂಸನ್ನು ಅತ್ತೆಯ ವಶದಲ್ಲಿ ಬಿಟ್ಟು, ಗಂಡನ ಮನೆಯಿಂದ ತಿಂಗಳುಗಟ್ಟಲೆ ದೂರವಿದ್ದು ಕಲಿತು ಬರುವ ಸೊಸೆಯನ್ನು ಹುತ್ತೂರು ಅದುವರೆಗೆ ಕಂಡಿರಲಿಲ್ಲ. ಅವರ ಪತಿ ದಾಸಪ್ಪನವರು ವಕೀಲಿಯನ್ನೂ ರಾಜಕಾರ್ಯವನ್ನೂ ನಡೆಸಿ, ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲದಲ್ಲಿ ಕುಳಿತು, ಮುಂದೆ ಕೇಂದ್ರದಲ್ಲಿ ರೈಲ್ವೆ ಮಂತ್ರಿಗಳಾದವರು. ಯಶೋಧರಮ್ಮನವರು ತಾವೂ ಮಂತ್ರಿಗಳಾಗಿ, 1972ರಲ್ಲಿ ಪದ್ಮಭೂಷಣ ಪಡೆದವರು. ಗಂಡಹೆಂಡಿರಿಬ್ಬರೂ ಸಾರ್ವಜನಿಕ ಕಾರ್ಯದಲ್ಲಿ ಸಮಾನವಾಗಿ ತೊಡಗಿದ ಆ ದಂಪತಿಗಳ ಆದರ್ಶ ದೊಡ್ಡಪ್ಪನ ಕಣ್ಣಮುಂದೆ ಇದ್ದಿರಬೇಕು. ಆದರೆ ಮೈಸೂರಿನ ದೊಡ್ಡ ಮನೆತನಕ್ಕೆ ಸಾಧ್ಯವಾದುದು ಹುತ್ತೂರಿನ ಮೇಷ್ಟರ ಮನೆಗೆ ಸುಲಭವಾಗಲಾರದೆಂಬುದು ಅವರಿಗೆ ಹೊಳೆದಂತೆ ಕಾಣೆ. ಅದರ ಕಷ್ಟವನ್ನು ಉಂಡವಳು ದೊಡ್ಡಮ್ಮ. "ಮಗು ನನ್ನ ಗುರ್ತೇ ಹಿಡೀಲಿಲ್ಲ ಕಣೋ, ತಿರುಗಿ ಬಂದಾಗ," ಎಂದು ಆಕೆ ಒಮ್ಮೆ ಮಾತ್ರ ನನ್ನೆದುರು ಹೇಳಿದಳು. ಆ ಮಾತು ದೊಡ್ಡಪ್ಪನ ಕಿವಿಗೆ ಬೀಳದ ಹಾಗೆ ನೋಡಿಕೊಂಡಳೆಂಬುದನ್ನು ನಾನು ಗಮನಿಸಿದೆ.

ಅರಸೀಕೆರೆಯಲ್ಲಿ ಆಕೆ ಕಲಿತುಬಂದದ್ದರಲ್ಲಿ ನೂಲುವುದು ಊರಿಗೆ ಹಿಡಿಸಲಿಲ್ಲ. ಬಾಲವಾಡಿ ನಾಲ್ಕಾರು ವರ್ಷ ನಡೆದು ನಿಂತಿತು. ಉಳಿದು ಬೆಳೆದದ್ದು ಹೆರಿಗೆಯ ಕೆಲಸ. ನಮ್ಮಲ್ಲಿ ಆಗ ಕೂಸಿನ ಹೊಕ್ಕುಳಬಳ್ಳಿಯನ್ನು ಕುಡುಗೋಲಿನಿಂದಲೋ ಬಿದಿರ ಸೀಳಿನಿಂದಲೋ ಕೊಯ್ದು, ಗಾಯಕ್ಕೆ ಸಗಣಿಯನ್ನೋ ಬೂದಿಯನ್ನೋ ಮೆತ್ತುವುದು ವಾಡಿಕೆ; ಹುಟ್ಟಿದ ಏಳೆಂಟು ದಿನಕ್ಕೆ ಮೈ ಬಿಲ್ಲಿನಂತೆ ಸೆಟೆದು ಸಾಯುವ ಕೂಸುಗಳಿಗೆ ಗಾಳಿ ಬಡಿಯಿತೆಂದು ಹೇಳಿ ಮಣ್ಣು ಮಾಡಿಬಿಡುತ್ತಿದ್ದರು. ಬಂದೊಡನೆಯೇ ಸೂಲಗಿತ್ತಿಯ ಮೇಲೆ ಯುದ್ಧಕ್ಕೆ ನಿಲ್ಲುವುದು ಕಲಿತವರು ಸಾಮಾನ್ಯವಾಗಿ ಮಾಡುವ ಕೆಲಸ. ದೊಡ್ಡಮ್ಮ ಹಾಗೆ ಮಾಡದೆ, ಊರಿನ ಸೂಲಗಿತ್ತಿಯ ಮನೆಗೆ ತಾನೇ ಹೋಗಿ, ಎಲೆಯಡಿಕೆ ಕೊಟ್ಟು, "ನಿಮ್ಮ ಕೈಗುಣ ನನಗೆ ಬರೋಲ್ಲ, ನೀವು ಹೆರಿಗೆ ಮಾಡಿಸಿ, ನಾನು ನೀರು ಕಾಯಿಸಿಕೊಡ್ತೀನಿ," ಎಂದಳಂತೆ. ಆ ನೀರಿನಲ್ಲಿಯೇ ಬ್ಲೇಡೂ ದಾರವೂ ಕುದಿಯುತ್ತಿದ್ದವೆಂಬುದನ್ನು ಆ ಮುದುಕಿ ಬೇಗನೆ ಕಂಡುಕೊಂಡಳು. ಕಂಡರೂ ಕಾಣದವಳಂತೆ ಇದ್ದು, ಕಡೆಗೆ ಬ್ಲೇಡಿಲ್ಲದೆ ಬಳ್ಳಿ ಕೊಯ್ಯುವವರನ್ನು ತಾನೇ ಬಯ್ಯತೊಡಗಿದಳು. ಇಬ್ಬರ ಕೈಗೂ ಮೀರಿದ ಹೆರಿಗೆಯಾದರೆ ಗಾಡಿ ಕಟ್ಟಿಸಿ ಕೋಲಾರದ ಮಿಷನ್ ಆಸ್ಪತ್ರೆಗೆ ಒಯ್ಯಬೇಕು. ಮೆಥಡಿಸ್ಟ್ ಮಿಷನ್ನಿನವರು 1910ರಲ್ಲಿ ಸ್ಥಾಪಿಸಿದ ಆ ಆಸ್ಪತ್ರೆ ಸುತ್ತಣ ಹಳ್ಳಿಗಳ ಹೆಂಗಸರಿಗೆ ಎಷ್ಟು ದೊಡ್ಡ ಆಸರೆಯಾಗಿತ್ತೆಂಬುದನ್ನು ಈಗಿನವರಿಗೆ ಹೇಳಿದರೂ ತಿಳಿಯದು. ಹಳ್ಳದಿಬ್ಬದ ದಾರಿಯಲ್ಲಿ ಗಾಡಿಯೊಳಗೆ ಬಸುರಿಯ ತಲೆ ತೊಡೆಯ ಮೇಲಿಟ್ಟುಕೊಂಡು ದೊಡ್ಡಮ್ಮ, ಎತ್ತುಗಳ ಮುಂದೆ ಲಾಟೀನು ಹಿಡಿದು ಓಡುವ ದೊಡ್ಡಪ್ಪ. ಬೆಳಿಗ್ಗೆ ಅವರು ಹಿಂದಿರುಗುವ ವೇಳೆಗೆ ನಾವು ರಾತ್ರಿಯ ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿಕೊಂಡು ಕುಡಿದು ಶಾಲೆಗೆ ಹೊರಟಿರುತ್ತಿದ್ದೆವು. ಶಾಲೆಯ ಗಂಟೆ ತಪ್ಪಬಾರದೆಂದು ದೊಡ್ಡಪ್ಪ ಧೂಳುಕಾಲಿನಲ್ಲಿಯೇ ಬಂದು ಹಾಜರಿ ಕರೆಯುವರು, ಮಧ್ಯಾಹ್ನದ ವೇಳೆಗೆ ಕುರ್ಚಿಯಲ್ಲಿ ತೂಗುವರು. ಯಾವ ಹುಡುಗನೂ ನಗುತ್ತಿರಲಿಲ್ಲ, ಏಕೆಂದರೆ ಅವರ ನಿದ್ದೆ ಕೆಟ್ಟದ್ದು ಯಾರ ತಾಯಿಗಾಗಿ ಎಂಬುದು ತರಗತಿಗೆಲ್ಲ ಗೊತ್ತಿರುತ್ತಿದ್ದಿತು.

ಬಾವಿಯ ಪ್ರಕರಣವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ನಮ್ಮ ಹಿತ್ತಲಿನಲ್ಲಿ ಒಂದು ಸೇದುವ ಬಾವಿ ಇದ್ದಿತು. ಹಿತ್ತಲ ಬಾಗಿಲು ಓಣಿಗೆ ತೆರೆಯುತ್ತಿದ್ದಿತು. ದೀಪ ಹಚ್ಚುವ ಹೊತ್ತಿಗೆ ಹಗ್ಗವನ್ನೂ ಬಿಂದಿಗೆಯನ್ನೂ ಒಳಗೆ ತೆಗೆದಿಟ್ಟು ಬಾಗಿಲು ಹಾಕುವುದು ಎಲ್ಲ ಮನೆಗಳ ರೂಢಿ. ಒಂದು ಬೇಸಿಗೆಯಲ್ಲಿ, ಊರವರು ಆಗ ಹೊಲಗೇರಿಯೆಂದು ಕರೆಯುತ್ತಿದ್ದ ಕೇರಿಯ ಬಾವಿ ಬತ್ತಿಹೋಯಿತು. ಅಲ್ಲಿಯ ಹೆಂಗಸರು ಕೆರೆಯ ಅಂಗಳದಲ್ಲಿ ಚಿಲುಮೆ ತೋಡಿ, ಬಟ್ಟಲಿನಿಂದ ಬಗೆದು ಕೊಡ ತುಂಬಿಸಿಕೊಳ್ಳುವುದನ್ನು ದೊಡ್ಡಮ್ಮ ಕಂಡು ಬಂದಳು. ಬಂದವಳು ಯಾರೊಡನೆಯೂ ಏನನ್ನೂ ಆಡಲಿಲ್ಲ. ಆ ಸಂಜೆಯಿಂದ ಹಗ್ಗವನ್ನು ಒಳಗೆ ತರುವುದನ್ನು ಮರೆತಳು, ಅಗಳಿ ಹಾಕುವುದನ್ನೂ ಮರೆತಳು. ನಡುರಾತ್ರಿ ರಾಟೆಯ ಕಿರುಗುಟ್ಟು ಕೇಳಿ ದೊಡ್ಡಪ್ಪ ಎದ್ದು ಕುಳಿತು, "ಯಾರೋ ನೀರು ಸೇದ್ತಿದಾರೆ ಕಣೇ," ಎಂದರೆ, "ಸೇದ್ಲಿ ಬಿಡಿ, ಮಲಕ್ಕೊಳ್ಳಿ," ಎಂಬುದು ಉತ್ತರ.

ಅಲ್ಲಿಗೇ ಬಿಟ್ಟಿದ್ದರೆ ಆ ಬೇಸಿಗೆ ನಿರಾತಂಕವಾಗಿ ಕಳೆಯುತ್ತಿದ್ದಿತು. ಊರಿಗೂ ತಿಳಿದಿರಲಿಲ್ಲವೆಂದಲ್ಲ, ತಿಳಿದಿಲ್ಲವೆಂದು ನಟಿಸುವುದಕ್ಕೆ ಊರು ಸಿದ್ಧವಾಗಿದ್ದಿತು. ಸಿದ್ಧರಾಗದವರು ದೊಡ್ಡಪ್ಪ. ತಮ್ಮ ಜಿಲ್ಲೆಯ ಟಿ. ಚನ್ನಯ್ಯನವರು ಸಂವಿಧಾನ ಸಭೆಯಲ್ಲಿ ಕುಳಿತು ದೇಶಕ್ಕೇ ಶಾಸನ ಬರೆದು ಬಂದಿರುವಾಗ ಅವರ ಜನ ತಮ್ಮ ಬಾವಿಗೆ ಕಳ್ಳರಂತೆ ಕತ್ತಲಲ್ಲಿ ಬರಬೇಕೆ ಎಂದು ಅವರ ವಾದ. ಒಂದು ಮುಂಜಾನೆ, ಹೊತ್ತು ಚೆನ್ನಾಗಿ ಏರಿದ ಮೇಲೆ, ಹಿತ್ತಲ ಬಾಗಿಲನ್ನು ಹಾರು ಹೊಡೆದು ತೆರೆದು, ಓಣಿಯಲ್ಲಿ ನಿಂತು, ಆ ಕೇರಿಯ ಹೆಂಗಸರನ್ನು ಕೂಗಿ ಕರೆದರು. ಅವರು ಬರಲು ಅಂಜಿದರು; ಕರೆದವರು ಬಿಡಲಿಲ್ಲ. ಆ ದಿನದಿಂದ ನಮ್ಮ ಮನೆಗೆ ನೆಂಟರು ಊಟಕ್ಕೆ ಬರುವುದು ನಿಂತಿತು, ಹಬ್ಬಕ್ಕೆ ಕರೆಯುವುದು ನಿಂತಿತು, ಗೊತ್ತಾಗಿದ್ದ ಅಕ್ಕನ ಮದುವೆಯೂ ನಿಂತಿತು. ದೊಡ್ಡಪ್ಪ ಇದನ್ನೆಲ್ಲ ತ್ಯಾಗವೆಂದು ಭಾವಿಸಿ ತಲೆಯೆತ್ತಿ ನಡೆದರು. ದೊಡ್ಡಮ್ಮನಾದರೋ ಮಗಳ ಮುಖವನ್ನು ದಿನವೂ ನೋಡುತ್ತಿದ್ದವಳು. ಒಂದು ಸಂಜೆ ಅವರೆಕಾಳು ಬಿಡಿಸುತ್ತ, ಯಾವ ಕಹಿಯೂ ಇಲ್ಲದ ದನಿಯಲ್ಲಿ, "ರಾಟೆಗೆ ಒಂದು ತೊಟ್ಟು ಎಣ್ಣೆ ಬಿಟ್ಟಿದ್ದಿದ್ರೆ ನಿಮಗೆ ಎಚ್ಚರವೇ ಆಗ್ತಿರ್ಲಿಲ್ಲ," ಎಂದಳು. ಮಾತಿನ ಮಲ್ಲರಾದ ದೊಡ್ಡಪ್ಪನಿಗೆ ಅದಕ್ಕೆ ಉತ್ತರ ಹೊಳೆಯಲಿಲ್ಲ. ಅಕ್ಕನಿಗೆ ಮುಂದೆ ಎರಡು ವರ್ಷ ತಡವಾಗಿ ಬೇರೊಂದು ಕಡೆ ಸಂಬಂಧ ಕೂಡಿಬಂದಿತು. ಆ ಕೇರಿಯ ಹುಡುಗರಲ್ಲಿ ಕೆಲವರನ್ನು ದೊಡ್ಡಪ್ಪ ಅರ್ಜಿ ಬರೆದು ಕೋಲಾರದ ನಚಿಕೇತ ನಿಲಯವೆಂಬ ವಿದ್ಯಾರ್ಥಿನಿಲಯಕ್ಕೆ ಸೇರಿಸಿದರು. ಅವರಲ್ಲೊಬ್ಬ ಉಪಾಧ್ಯಾಯನಾಗಿ ಅದೇ ಶಾಲೆಗೆ ಬಂದ. ಇಬ್ಬರಲ್ಲಿ ಯಾರು ಮಾಡಿದ್ದು ಸರಿ ಎಂದು ಕೇಳಿದರೆ, ಹುಡುಗನಾಗಿದ್ದಾಗ ದೊಡ್ಡಪ್ಪನ ಪಕ್ಷ, ಮಗಳನ್ನು ಹೆತ್ತ ಮೇಲೆ ದೊಡ್ಡಮ್ಮನ ಪಕ್ಷ, ಈ ಮುಪ್ಪಿನಲ್ಲಿ ಮತ್ತೆ ದೊಡ್ಡಪ್ಪನ ಕಡೆಗೇ ಮನಸ್ಸು ವಾಲುತ್ತಿದೆ.

ಕೆರೆಯ ಕೆಲಸದಲ್ಲಿಯೂ ಹೀಗೆಯೇ. ಹೊಸ ಕೆರೆ ಕಟ್ಟಿಸಿಕೊಡಿರೆಂದು ಜನ ಮಂತ್ರಿಗಳಿಗೆ ಮನವಿ ಬರೆಯಿಸಲು ಬಂದರೆ ದೊಡ್ಡಪ್ಪ 1892ರ ಒಪ್ಪಂದವನ್ನು ಎತ್ತಿಕೊಳ್ಳುವರು: ಮೈಸೂರಿಗೂ ಮದ್ರಾಸಿಗೂ ಆ ವರ್ಷ ನಡೆದ ಕರಾರಿನಂತೆ, ಪಾಲಾರಿನಂಥ ಹೊಳೆಗಳ ಜಲಾನಯನದಲ್ಲಿ ಮೇಲಿನವರು ಕೆಳಗಿನವರನ್ನು ಕೇಳದೆ ಹೊಸ ಕಟ್ಟೆ ಕಟ್ಟುವಂತಿಲ್ಲ, ಆದುದರಿಂದ ಹಳೆಯ ಕೆರೆಗಳ ಹೂಳೆತ್ತುವುದೊಂದೇ ನಮಗುಳಿದ ದಾರಿ. ವಿಷಯ ಸತ್ಯವೇ, ಆದರೆ ಅರ್ಧ ಗಂಟೆ ಕೇಳಿದವರು ಗುದ್ದಲಿ ಹಿಡಿಯುವ ಉತ್ಸಾಹವನ್ನೇ ಕಳೆದುಕೊಳ್ಳುತ್ತಿದ್ದರು. ಹಿಂದೆ ಕೆರೆಯ ಅಂಗಳದ ಗೋಡನ್ನು ಬೇಸಿಗೆಯಲ್ಲಿ ಗಾಡಿಗಳಲ್ಲಿ ತುಂಬಿ ಹೊಲಕ್ಕೆ ಹೊಡೆಯುವುದು ರೈತರ ವಾಡಿಕೆಯಾಗಿತ್ತು. ಕೆರೆಗೆ ಆಳ, ಹೊಲಕ್ಕೆ ಸಾರ. ತೂಬು ಎತ್ತಿ ಇಳಿಸಿ, ಅಚ್ಚುಕಟ್ಟಿನ ಕಡೆಯ ಗದ್ದೆಗೂ ಪಾಲು ಮುಟ್ಟಿಸುವ ನೀರಗಂಟಿಗೆ ಸುಗ್ಗಿಯಲ್ಲಿ ಕಣದಿಂದ ಆಯ ಸಲ್ಲುತ್ತಿದ್ದಿತು. ಗ್ರಾಮಾಧಿಕಾರಗಳನ್ನು ರದ್ದು ಮಾಡಿದ 1961ರ ಶಾಸನದಿಂದ ಪಟೇಲ ಶಾನುಭೋಗರ ವಂಶಪಾರಂಪರ್ಯದ ದರ್ಪ ಹೋದದ್ದು ಒಳ್ಳೆಯದೇ ಆದರೂ, ಅದರ ಹಿಂದೆಯೇ ಬಂದ ಗೊಂದಲದಲ್ಲಿ ನೀರಗಂಟಿಗೆ ಧಾನ್ಯ ಅಳೆಯಬೇಕಾದವರು ಯಾರು ಎಂಬ ಪ್ರಶ್ನೆಗೆ ನಮ್ಮೂರಿನಲ್ಲಿ ಉತ್ತರವಿಲ್ಲದಾಯಿತು. ದೊಡ್ಡಪ್ಪ ಅಮಲ್ದಾರರಿಗೆ ಪತ್ರ ಬರೆದರು, ಜ್ಞಾಪನ ಪತ್ರ ಬರೆದರು, ಜ್ಞಾಪನ ಪತ್ರವನ್ನು ಜ್ಞಾಪಿಸುವ ಪತ್ರವನ್ನೂ ಬರೆದರು. ದೊಡ್ಡಮ್ಮ ಸುಗ್ಗಿಯ ದಿನ ನಮ್ಮ ಕಣದಿಂದ ನೀರಗಂಟಿಯ ಪಾಲನ್ನು ಅಳೆದು, ತಲೆಯ ಮೇಲೆ ಹೊತ್ತು, ಬೇಕೆಂದೇ ಇತರರ ಕಣಗಳ ನಡುವೆ ಹಾದು ಅವನ ಮನೆಗೆ ಒಯ್ದು ಹಾಕಿದಳು. ಮೇಷ್ಟ್ರ ಮನೆಯಮ್ಮ ಹೊತ್ತು ನಡೆದುದನ್ನು ನೋಡಿದ ಮೇಲೆ ಉಳಿದ ಹೆಂಗಸರಿಗೆ ತಮ್ಮ ಮನೆಯ ಗಂಡಸರನ್ನು ಸುಮ್ಮನೆ ಬಿಡುವುದಾಗಲಿಲ್ಲ.

ಇವೆಲ್ಲ ಹೋದುವು. ಕೊಳವೆಬಾವಿಗಳು ಬಂದು, ನೀರು ನೂರು ಅಡಿಯಿಂದ ಸಾವಿರ ಅಡಿಗೆ ಇಳಿದು, ಮೇಲೆ ಬಂದದ್ದು ಫ್ಲೋರೈಡ್ ಹೊತ್ತು ಬಂದು, ರಾಗಿಯ ಹೊಲಗಳಲ್ಲಿ ನೀಲಗಿರಿ ನಿಂತು, ಕೆರೆಗಳಲ್ಲಿ ಜಾಲಿ ಬೆಳೆಯಿತು. 2018ರ ಜೂನ್ ತಿಂಗಳಲ್ಲಿ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆನೀರನ್ನು ಸಂಸ್ಕರಿಸಿ ಕೊಳವೆಯಲ್ಲಿ ತಂದು ನರಸಾಪುರದ ಕಡೆಯ ಲಕ್ಷ್ಮೀಸಾಗರ ಕೆರೆಗೆ ಹರಿಸಿದರು. ಅಲ್ಲಿಂದ ಕೆರೆಯಿಂದ ಕೆರೆಗೆ ಹಿಂದಿನ ಕ್ರಮದಲ್ಲಿಯೇ ಅದು ಇಳಿಯತೊಡಗಿತು. ಆ ನೀರು ಸಾಕಷ್ಟು ಶುದ್ಧವೇ ಅಲ್ಲವೇ ಎಂಬ ವಿವಾದ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಬತ್ತಿದ ಕೆರೆಯನ್ನು ಇಪ್ಪತ್ತು ವರ್ಷ ನೋಡಿದ ರೈತನಿಗೆ ಆ ವಿವಾದ ಕೇಳುವ ವ್ಯವಧಾನವಿಲ್ಲ. ಅವನನ್ನು ದೂಷಿಸುವ ಧೈರ್ಯ ನನಗಿಲ್ಲ. ದೊಡ್ಡಪ್ಪ ಇದ್ದಿದ್ದರೆ ಪ್ರಯೋಗಶಾಲೆಯ ವರದಿಗೆ ಎಷ್ಟು ಜ್ಞಾಪನ ಪತ್ರ ಬರೆಯುತ್ತಿದ್ದರೋ.

ಹಗೇವಿನ ಮಾತಿಗೆ ಬರುತ್ತೇನೆ. 1965ರಲ್ಲಿ ಮಳೆ ಕೈಕೊಟ್ಟಿತು, ಮರುವರ್ಷವೂ ಕೊಟ್ಟಿತು. ಗಡಿಯಲ್ಲಿ ಯುದ್ಧ, ಅಂಗಡಿಯಲ್ಲಿ ಧಾನ್ಯವಿಲ್ಲ. ಸೋಮವಾರ ರಾತ್ರಿಯ ಊಟವನ್ನು ದೇಶಕ್ಕಾಗಿ ಬಿಡಿರೆಂದು ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಗಳು ಕೇಳಿಕೊಂಡರು. ಶಾಲೆಗೆ ಅಮೆರಿಕದ ಗೋಧಿಯ ರವೆಯೂ ಹಾಲಿನ ಪುಡಿಯೂ ಬರುತ್ತಿದ್ದುವು. ದೊಡ್ಡ ಕಡಾಯಿಯಲ್ಲಿ ಕೆದಕಿದ ಆ ಉಪ್ಪಿಟ್ಟಿನ ವಾಸನೆ ನನ್ನ ವಯಸ್ಸಿನವರ ಮೂಗಿನಿಂದ ಇನ್ನೂ ಹೋಗಿಲ್ಲ. ದೊಡ್ಡಪ್ಪ ಸೋಮವಾರದ ಉಪವಾಸವನ್ನು ನಿಷ್ಠೆಯಿಂದ ಹಿಡಿದು, ಅದರ ಮಹತ್ವವನ್ನು ಊರ ಚಾವಡಿಯಲ್ಲಿ ವಿವರಿಸಿ ಬಂದ ರಾತ್ರಿ ದೊಡ್ಡಮ್ಮ, "ಊರಲ್ಲಿ ಅರ್ಧ ಜನಕ್ಕೆ ದಿನಾ ಸೋಮವಾರವೇ ಆಗಿದೆ. ಹಗೇವು ತೆಗೀಬೇಕು," ಎಂದಳು.

ಹಗೇವನ್ನು ಕಾಣದವರಿಗೆ ಹೇಳಬೇಕಾದರೆ, ಅದು ಮನೆಯ ಮುಂದಣ ಗಟ್ಟಿನೆಲದಲ್ಲಿ ತೋಡಿದ, ಬಾಯಿ ಕಿರಿದಾಗಿ ಹೊಟ್ಟೆ ಹಿರಿದಾದ ಗುಳಿ. ಒಳಗೆ ಹುಲ್ಲು ಹೊದಿಸಿ, ಒಣಗಿದ ರಾಗಿಯನ್ನು ತುಂಬಿ, ಚಪ್ಪಡಿ ಮುಚ್ಚಿ, ಮಣ್ಣು ಮೆತ್ತಿಬಿಟ್ಟರೆ ಕಾಳು ವರ್ಷಾನುಗಟ್ಟಲೆ ಹುಳು ಬೀಳದೆ ಇರುತ್ತದೆ. ತೆರೆದೊಡನೆ ಇಳಿಯಬಾರದು, ಒಳಗಿನ ಗಾಳಿ ಕೆಟ್ಟಿರುವುದರಿಂದ ಹಾಗೆ ಇಳಿದು ಪ್ರಾಣ ಬಿಟ್ಟವರುಂಟು. ಅಂದು ಚಪ್ಪಡಿ ಸರಿಸಿ, ಒಂದು ಹಗಲು ಹಾಗೆಯೇ ಬಿಟ್ಟು, ಸಂಜೆ ದೀಪವನ್ನು ಹಗ್ಗ ಕಟ್ಟಿ ಇಳಿಬಿಟ್ಟು, ಅದು ಆರದೆ ಉರಿಯುವುದನ್ನು ಕಂಡಮೇಲೆ ಆಳು ಇಳಿದ. ಮಗಳ ಮದುವೆಗೆಂದು ಇಟ್ಟ ರಾಗಿ ಅದು.

ಮರುದಿನ ಬೆಳಿಗ್ಗೆಯಿಂದ ಹಂಚಿಕೆ. ದೊಡ್ಡಮ್ಮ ಹಿತ್ತಾಳೆಯ ಸೇರಿನಿಂದ ಅಳೆದು ಹಾಕುತ್ತಿದ್ದರೆ, ದೊಡ್ಡಪ್ಪ ಜಗಲಿಯ ಮೇಲೆ ಒಂದು ಉದ್ದನೆಯ ಲೆಕ್ಕದ ಪುಸ್ತಕವನ್ನು ತೆರೆದು, ಯಾರಿಗೆ ಎಷ್ಟು ಸೇರು ಎಂದು ಬರೆದುಕೊಳ್ಳತೊಡಗಿದರು. ದೊಡ್ಡಮ್ಮನ ಕೈ ನಿಂತಿತು. ಜನರು ನೋಡುತ್ತಿರುವಾಗ ಆಕೆ ಗಂಡನಿಗೆ ಎದುರು ಮಾತಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. "ಬರೀಬೇಡಿ. ಬರೆದ್ರೆ ಸಾಲ ಆಗುತ್ತೆ. ಹೊಟ್ಟೆಗಿಲ್ಲದೋರ ಮೇಲೆ ಸಾಲ ಹೊರಿಸ್ತೀರಾ?" ದೊಡ್ಡಪ್ಪ ಲೇಖನಿಯನ್ನು ಕೆಳಗಿಡದೆ, ಎಂದಿನ ಉಪನ್ಯಾಸದ ಧಾಟಿಯನ್ನು ಬಿಟ್ಟು, ಮೆಲ್ಲನೆ ಹೇಳಿದರು: "ಇವರು ಭಿಕ್ಷೆಗೆ ಬಂದೋರಲ್ಲ ಕಣೇ. ಬರೆದ್ರೆ ನಾಳೆ ನನ್ನ ಕಣ್ಣಲ್ಲಿ ಕಣ್ಣಿಟ್ಟು ಮಾತಾಡ್ತಾರೆ. ಬರೀದಿದ್ರೆ ತಲೆ ತಗ್ಗಿಸ್ತಾರೆ." ಸರದಿಯಲ್ಲಿ ನಿಂತಿದ್ದ ಒಬ್ಬ ಮುದುಕ, ಆತನಿಗೆ ಎರಡು ಎಕರೆ ಖುಷ್ಕಿ ಇದ್ದಿತು, "ಬರ್ಕೊಳ್ಳಿ ಮೇಷ್ಟ್ರೇ," ಎಂದ. ಹೊಲವಿಲ್ಲದ ಒಬ್ಬ ಹೆಂಗಸು ಏನನ್ನೂ ಅನ್ನದೆ ಸೆರಗು ಒಡ್ಡಿ ನಿಂತಿದ್ದಳು. ಆಗ ಒಂದು ಒಪ್ಪಂದವಾಯಿತು: ಬರೆಯಿರೆಂದವರದನ್ನು ಬರೆಯುವುದು, ಸುಮ್ಮನಿದ್ದವರದನ್ನು ಬಿಡುವುದು, ಬಡ್ಡಿಯ ಮಾತು ಯಾರಿಗೂ ಇಲ್ಲ. ಇದರಿಂದ ಇಬ್ಬರಿಗೂ ಪೂರ್ತಿ ಸಮಾಧಾನವಾಗಲಿಲ್ಲ. ದೊಡ್ಡಮ್ಮ ಆ ಪುಸ್ತಕವನ್ನು ಮನೆಯೊಳಗೆ ಕಂಡಾಗಲೆಲ್ಲ ಮುಖ ಸಿಂಡರಿಸುತ್ತಿದ್ದಳು. ದೊಡ್ಡಪ್ಪ ಅದನ್ನು ಅಟ್ಟಕ್ಕೆ ಸೇರಿಸಿದರು.

ದೊಡ್ಡಪ್ಪನ ಹಿರಿಯ ಮಗನಾದ ಅಣ್ಣನ ಮಾತನ್ನು ಹೇಳದಿದ್ದರೆ ಈ ಬರಹ ಏಕಪಕ್ಷವಾದೀತು. ದೊಡ್ಡಪ್ಪ ದೊಡ್ಡಮ್ಮರನ್ನು ಹೊರಗಿನವರು ಹೊಗಳಿದಾಗ ಅವನು ಅಲ್ಲಿಂದ ಎದ್ದುಹೋಗುತ್ತಿದ್ದ. ಅವನಿಗೆ ಓದಿನಲ್ಲಿ ಆಸೆಯಿದ್ದಿತು. ಬೆಂಗಳೂರಿಗೆ ಕಳುಹಿಸುವುದಕ್ಕೆ ಹಣವಿರಲಿಲ್ಲ. ಅದೇ ವರ್ಷ ನೆಂಟರ ಹುಡುಗರಿಬ್ಬರ ಪರೀಕ್ಷೆಯ ಶುಲ್ಕವನ್ನು ಕಟ್ಟಿದ್ದರು, ಅವರಲ್ಲಿ ನಾನೊಬ್ಬ. "ಈ ಮನೇಲಿ ನಮಗೆ ಮಾತ್ರ ಹಸಿವಾಗೋ ಹಾಗಿಲ್ಲ," ಎಂದು ಒಮ್ಮೆ ಊಟದ ಸಾಲಿನಲ್ಲಿಯೇ ಅವನು ಸಿಡಿದುಬಿದ್ದು, ತಟ್ಟೆ ಬಿಟ್ಟು ಹೋದ. ದೊಡ್ಡಪ್ಪ ಮಾತಾಡಲಿಲ್ಲ. ದೊಡ್ಡಮ್ಮ ಹಿಂದೆಯೇ ಹೋಗಿ ಕತ್ತಲಲ್ಲಿ ಎಷ್ಟೋ ಹೊತ್ತು ಅವನೊಡನೆ ಕುಳಿತಿದ್ದಳು. ಅವನು ಮುಂದೆ ಕೆ.ಜಿ.ಎಫ್.ನ ಬೆಮೆಲ್ ಕಾರ್ಖಾನೆಯನ್ನು ಸೇರಿ, ಕಷ್ಟಪಟ್ಟು ಮೇಲೆ ಬಂದು, ತಂದೆತಾಯಿಗಳನ್ನು ಕಡೆಗಾಲದಲ್ಲಿ ನೋಡಿಕೊಂಡವನು. ತನ್ನ ಮನೆಗೆ ಅವನು ಅತಿಥಿಗಳನ್ನು ಸೇರಿಸುತ್ತಿರಲಿಲ್ಲ. ಅವನ ದೂರು ಅನ್ಯಾಯದ್ದೆಂದು ನಾನು ಹೇಳಲಾರೆ. ಅವನ ಪಾಲಿನ ಅನ್ನವನ್ನು ಉಂಡವನಿಗೆ ಹಾಗೆ ಹೇಳುವ ಅಧಿಕಾರವಿಲ್ಲ.

ದೊಡ್ಡಪ್ಪ ಮೊದಲು ಹೋದರು. ನಿವೃತ್ತರಾದ ಮೇಲೂ ಅರ್ಜಿ ಬರೆದುಕೊಡುವುದು, ಪಿಂಚಣಿಯ ಮುದುಕಿಯರನ್ನು ಕಚೇರಿಗೆ ಕರೆದೊಯ್ಯುವುದು ಅವರಿಗೆ ತಪ್ಪಿರಲಿಲ್ಲ. ಕೋಲಾರದ ಕಚೇರಿಯೊಂದರ ಜಗಲಿಯಲ್ಲಿ, ಇನ್ನೊಬ್ಬರ ಕಾಗದ ಕೈಯಲ್ಲಿರುವಾಗಲೇ ಕುಸಿದರು. ದೊಡ್ಡಮ್ಮ ಅನಂತರ ಬಹುಕಾಲ ಹುತ್ತೂರಿನಲ್ಲಿಯೇ ಇದ್ದಳು. ಆ ವೇಳೆಗೆ ಹೆರಿಗೆಗಳೆಲ್ಲ ಆಸ್ಪತ್ರೆಗೆ ಹೋಗಿದ್ದುವು. ಹಗೇವಿನ ಬಾಯಿಗೆ ಕಸ ಬಿದ್ದು, ರಸ್ತೆ ಅಗಲವಾಗುವಾಗ ಅದು ಮುಚ್ಚಿಯೇ ಹೋಯಿತು.

ನಾನು ಒಮ್ಮೆ ರಜೆಯಲ್ಲಿ ಹೋಗಿದ್ದಾಗ, ಯಾರೋ ಒಬ್ಬ ಮಧ್ಯವಯಸ್ಸಿನವನು ಮೊಪೆಡ್ಡಿನ ಹಿಂದೆ ಒಂದು ಚೀಲವನ್ನು ಕಟ್ಟಿಕೊಂಡು ಬಂದು, ಮನೆಯ ಮುಂದೆ ಇಳಿಸಿದ. ಬರದ ವರ್ಷದಲ್ಲಿ ತನ್ನ ತಂದೆ ಮೇಷ್ಟರ ಮನೆಯಿಂದ ರಾಗಿ ಬರೆಯಿಸಿಕೊಂಡು ಒಯ್ದಿದ್ದನೆಂದೂ, ಸಾಯುವಾಗ ಅದೊಂದು ತೀರಿಸೆಂದು ಹೇಳಿ ಹೋದನೆಂದೂ ತಿಳಿಸಿದ. ಎಷ್ಟೆಂಬುದು ಅವನಿಗೆ ಗೊತ್ತಿರಲಿಲ್ಲ. ಬಡ್ಡಿಯೂ ಸೇರಿರಲೆಂದು ಅಂದಾಜಿನಿಂದ ತಂದಿದ್ದ. ದೊಡ್ಡಮ್ಮ ಬೇಡವೆನ್ನುವಳೆಂದು ನಾನು ಎಣಿಸಿದ್ದೆ. ಆಕೆ ಅವನನ್ನು ಜಗಲಿಯ ಮೇಲೆ ಕೂರಿಸಿ, ನೀರು ಬೆಲ್ಲ ಕೊಟ್ಟು, ನನ್ನನ್ನು ಅಟ್ಟಕ್ಕೆ ಹತ್ತಿಸಿದಳು.

ಪುಸ್ತಕ ಸಿಕ್ಕಿತು, ಇಲಿ ಒಂದು ಅಂಚನ್ನು ತಿಂದಿದ್ದರೂ ದೊಡ್ಡಪ್ಪನ ದುಂಡು ಅಕ್ಷರ ಸ್ಪಷ್ಟವಾಗಿದ್ದಿತು. ಹಲವರ ಹೆಸರಿನ ಮುಂದೆ 'ಸಂದಿದೆ' ಎಂದು ಬರೆದು ತಾರೀಖು ಹಾಕಿದ್ದರು. ಕೆಲವರ ಹೆಸರಿನ ಮುಂದೆ 'ಸಂದಿದೆ' ಎಂಬುದಿದ್ದರೂ ತಾರೀಖಿರಲಿಲ್ಲ, ಆ ಹೆಸರುಗಳನ್ನು ಓದಿ ಹೇಳಿದಾಗ ದೊಡ್ಡಮ್ಮ, "ಅವರೆಲ್ಲಿ ಕೊಟ್ಟರು? ಕೊಡೋ ಹಾಗೇ ಇರ್ಲಿಲ್ಲ ಅವರು," ಎಂದು ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗೂ ಹೇಳ್ಲಿಲ್ಲ ನೋಡು, ಕಳ್ಳ," ಎಂದಳು. ಬಂದವನ ತಂದೆಯ ಹೆಸರಿನ ಮುಂದೆ ಏನೂ ಇರಲಿಲ್ಲ, ಸೇರಿನ ಲೆಕ್ಕ ಮಾತ್ರ. ಸೇರು ಹೋಗಿ ಕಿಲೋ ಬಂದು ಎಷ್ಟೋ ವರ್ಷವಾಗಿದ್ದಿತು. ದೊಡ್ಡಮ್ಮ ದೇವರ ಮನೆಯಲ್ಲಿ ಅಕ್ಕಿ ತುಂಬಿಟ್ಟಿದ್ದ ಹಿತ್ತಾಳೆಯ ಸೇರನ್ನು ಬರಿದು ಮಾಡಿ ತಂದು, ಚೀಲದ ಮುಂದೆ ಕುಳಿತು, ಒಂದೊಂದಾಗಿ ಅಳೆದು, ಪುಸ್ತಕದ ಲೆಕ್ಕಕ್ಕೆ ಸರಿಯಾಗುತ್ತಲೇ ನಿಲ್ಲಿಸಿ, ಉಳಿದದ್ದನ್ನು ಅವನ ಚೀಲಕ್ಕೇ ಸುರಿದಳು. ಅವನು ಕೈಮುಗಿದು, ಬಡ್ಡಿಯೆಂದಾದರೂ ಇಟ್ಟುಕೊಳ್ಳಬೇಕೆಂದು ಬೇಡಿಕೊಂಡ. "ಪುಸ್ತಕದಲ್ಲಿ ಬಡ್ಡಿ ಅಂತ ಬರೆದಿಲ್ಲವಲ್ಲಪ್ಪ," ಎಂದಳು ದೊಡ್ಡಮ್ಮ. ಆಮೇಲೆ ನನ್ನ ಕಡೆ ತಿರುಗಿ, 'ಸಂದಿದೆ' ಎಂದು ಬರೆಯಲು ಹೇಳಿ, ನಾನು ಬರೆದುದನ್ನು ಕನ್ನಡಕ ಹಾಕಿಕೊಂಡು ಓದಿ ನೋಡಿ, ತಾರೀಖು ಹಾಕಿಲ್ಲವೆಂದು ಪುಸ್ತಕವನ್ನು ಹಿಂದಕ್ಕೆ ಕೊಟ್ಟಳು.